ಹಿಂದಿನ ಬೇಲಿಗೆ ಗುಡಿಸಿದ ತರಗೆಲೆ

ವಿಷಯ: ಕೃಷ್ಣರಾಜಪುರದಾಚೆಯ ಒಂದು ತೋಟದ ಹಿಂದಿನ ಬೇಲಿಯಲ್ಲಿ ಹತ್ತಿದ ಬೆಂಕಿ ಹಾಗೂ ಅದರಿಂದ ಸುಟ್ಟ ಹಲಸಿನ ಮರದ ಬಗ್ಗೆ ನನ್ನ ಹೇಳಿಕೆ.

ಮಾನ್ಯ ಓದುಗರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಬರಹಗಾರನಲ್ಲ. ಸೇವಾವಧಿಯುದ್ದಕ್ಕೂ ಕಚೇರಿಯ ಪತ್ರಗಳನ್ನು ಬರೆದವನು. ಮನಸ್ಸಿನ ಮಾತನ್ನು ಕಾಗದಕ್ಕೆ ಇಳಿಸಲು ಬೇರೆ ರೀತಿ ನನಗೆ ತಿಳಿಯದು. ಹಲವು ಸಲ ಆರಂಭಿಸಿ ಹರಿದು ಹಾಕಿದ ಮೇಲೆ, ತಿಳಿದ ರೀತಿಯಲ್ಲಿಯೇ ಬರೆಯುವುದೆಂದು ತೀರ್ಮಾನಿಸಿದ್ದೇನೆ. ತಪ್ಪುಗಳಿದ್ದಲ್ಲಿ ಮನ್ನಿಸಬೇಕು. ಬರಹದ ತಪ್ಪುಗಳನ್ನು ಮಾತ್ರ. ಉಳಿದದ್ದಕ್ಕೆ ತಮ್ಮಲ್ಲಿ ಕ್ಷಮೆ ಕೇಳುವುದು ಸರಿಯಲ್ಲ, ಏಕೆಂದರೆ ಸುಟ್ಟದ್ದು ತಮ್ಮ ಮರವಲ್ಲ.

ತೊಂಬತ್ತರ ದಶಕದ ನಡುವೆ ನಾನು ರಾಯಚೂರು ಕಡೆಯಿಂದ ಬೆಂಗಳೂರಿಗೆ ಬಂದೆ. ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಒಂದು ಕಚೇರಿಯಲ್ಲಿ ಪತ್ರವ್ಯವಹಾರದ ಮೇಜು ನನ್ನದಾಗಿತ್ತು. ಮೊದಲ ಎರಡು ವರ್ಷ ಮಾರುಕಟ್ಟೆಯ ಹಿಂದಿನ ಗಲ್ಲಿಯ ಒಂದು ಕೋಣೆಯಲ್ಲಿ ನಮ್ಮ ಕಡೆಯ ಮೂವರೊಂದಿಗೆ ಇದ್ದೆ. ಮದುವೆಯಾದ ಮೇಲೆ ಹೆಂಡತಿಯನ್ನು ಕರೆತರಲು ಮನೆ ಹುಡುಕುತ್ತಿದ್ದಾಗ, ಆಗತಾನೇ ನಿವೃತ್ತರಾಗಿದ್ದ ನಮ್ಮ ಮೇಲಧಿಕಾರಿಗಳು ಬಾಣಸವಾಡಿಯ ತಮ್ಮ ಮನೆಯ ಹಿಂದಿನ ಔಟ್‌ಹೌಸನ್ನು ನನಗೆ ಬಿಟ್ಟುಕೊಟ್ಟರು. ಬಾಡಿಗೆ ಬೇಡವೆಂದರು. ಒಂದೇ ಷರತ್ತು: ಪ್ರತಿ ಭಾನುವಾರ ಕೃಷ್ಣರಾಜಪುರದಾಚೆ ಇದ್ದ ಅವರ ಎರಡು ಎಕರೆ ಮಾವಿನ ತೋಟಕ್ಕೆ ಹೋಗಿ ಮರಗಳನ್ನು ನೋಡಿಕೊಳ್ಳಬೇಕು. ಔಟ್‌ಹೌಸಿನ ಒಳಗೇ ನಲ್ಲಿ ಇತ್ತು. ನನ್ನ ಹೆಂಡತಿ ಬಂದ ದಿನ ಅದನ್ನು ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡಿದ್ದಳು. ಮುಂದೆ ನಾನು ಮಾಡಿದ ಕೆಲಸಕ್ಕೆ ಆ ನಲ್ಲಿ ಸಮರ್ಥನೆಯಲ್ಲ. ಆದರೆ ನನಗೆ ಕಳೆದುಕೊಳ್ಳಲು ಏನಿತ್ತು ಎಂಬುದು ತಮಗೆ ತಿಳಿದಿರಲಿ.

ಮರಗಳ ವಿಷಯದಲ್ಲಿ ನನಗೆ ಏನೂ ಗೊತ್ತಿರಲಿಲ್ಲ. ನಮ್ಮೂರಿನಲ್ಲಿ ಮರವೆಂದರೆ ಮನೆ ಮುಂದಿನ ಬೇವು; ಅದನ್ನು ಯಾರೂ ನೋಡಿಕೊಳ್ಳುತ್ತಿರಲಿಲ್ಲ. ಈ ತೋಟದ ಮೂರು ಕಡೆ ನೀಲಗಿರಿ ಸಾಲು, ಅದರಾಚೆ ಯಾರೂ ಉಳದ ಬೀಳು ಭೂಮಿ. ಶಿವರಾತ್ರಿ ಕಳೆದರೆ ಅಲ್ಲಿಯ ಹುಲ್ಲು ಒಣಗಿ ಬಿಳಿಚಿಕೊಳ್ಳುತ್ತಿತ್ತು. ಎಲ್ಲೋ ಒಂದು ಬೀಡಿಯ ತುಂಡು, ಇಲ್ಲವೇ ಹೊಸ ಹುಲ್ಲು ಬರಲೆಂದು ಕುರಿ ಕಾಯುವವರು ಇಡುತ್ತಿದ್ದ ಕಡ್ಡಿ, ಅಷ್ಟು ಸಾಕಿತ್ತು. ಬೆಂಕಿ ತೋಪಿನಿಂದ ತೋಪಿಗೆ ಹೋಗುತ್ತಿತ್ತು. ಪ್ರತಿ ವರ್ಷವೂ ಯಾರದೋ ತೋಟ ಸುಡುತ್ತಿತ್ತು.

ನನಗೆ ಕೆಲಸ ಕಲಿಸಿದವರು ಹಲಸೂರಿನ ಒಬ್ಬ ಮರ ಹತ್ತುವವರು. ತಮಿಳು ಮನೆಮಾತಿನವರು, ವಯಸ್ಸು ಅರವತ್ತರ ಹತ್ತಿರ. ತೋಟದ ಮಾಲೀಕರು, ಅಂದರೆ ನಮ್ಮ ಆ ಮೇಲಧಿಕಾರಿಗಳು, ವರ್ಷಕ್ಕೆ ಕೆಲವು ಸಲ ಅವರನ್ನು ಕರೆಸುತ್ತಿದ್ದರು. ಸೊಂಟಕ್ಕೆ ಹಗ್ಗ, ಹಗ್ಗಕ್ಕೆ ಮಚ್ಚು. ಮರದ ಮೇಲಿಂದಲೇ ಮಾತನಾಡುತ್ತಿದ್ದರು. ಆಳೆತ್ತರದವರೆಗಿನ ಕೆಳಗಿನ ಕೊಂಬೆಗಳನ್ನು ಸವರಬೇಕು, ಸವರುವಾಗ ಕಾಂಡಕ್ಕೆ ಒತ್ತಿ ಕಡಿಯದೆ ಕೊಂಬೆಯ ಬುಡದಲ್ಲಿ ಉಬ್ಬಿರುವ ಉಂಗುರವನ್ನು ಬಿಡಬೇಕು, ಗಾಯ ಮುಚ್ಚಿಕೊಳ್ಳುವುದು ಆ ಉಂಗುರದಿಂದಲೇ ಎಂದು ತೋರಿಸಿಕೊಟ್ಟರು. ಬೇಲಿಯ ಒಳಗೆ ಎತ್ತಿನ ಗಾಡಿ ಹೋಗುವಷ್ಟು ಅಗಲದ ಪಟ್ಟಿಯನ್ನು ಬರೀ ಮಣ್ಣು ಕಾಣುವಂತೆ ಕೆರೆದಿಡಬೇಕೆಂದೂ, ಗುಡಿಸಿದ ತರಗನ್ನು ಗುಂಡಿಗೆ ಹಾಕಿ ಮೇಲೆ ಮಣ್ಣೆಳೆಯಬೇಕೆಂದೂ ಹೇಳಿದರು. ಇಷ್ಟೆಲ್ಲ ಏಕೆ ಎಂದು ನಾನೊಮ್ಮೆ ಕೇಳಿದ್ದೆ.

“ಬೆಂಕಿ ಆಕಾಶದಿಂದ ಬರಲ್ಲ ಸಾರ್. ನೆಲದ ಮೇಲೆ ನಡ್ಕೊಂಡು ಬರುತ್ತೆ. ಬುಡದಲ್ಲಿ ತರಗು ಇಟ್ರೆ, ಬಾಪ್ಪಾ ಹತ್ತು ಅಂತ ಏಣಿ ಕೊಟ್ಟಂಗೆ.”

ಈ ಮಾತನ್ನು ನಾನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಶುದ್ಧ ಭಾಷೆಗೆ ತಿದ್ದಿ ಬರೆದುಕೊಂಡಿದ್ದೆ. ಮಾಲೀಕರಿಗೆ ತಿಂಗಳಿಗೊಂದು ವರದಿ ಸಲ್ಲಿಸಬೇಕಿತ್ತು. ಅದರಲ್ಲಿ ಇಂಥ ವಾಕ್ಯಗಳು ಚೆನ್ನಾಗಿ ಕಾಣುತ್ತಿದ್ದವು.

ತೋಟದ ಹಿಂದಿನ ಬೇಲಿ ಲಂಟಾನ ಮತ್ತು ಕತ್ತಾಳೆಯದು. ಆಚೆ ಬದಿಯಲ್ಲಿ ತಗಡಿನ ಹೊದಿಕೆಯ ಒಂದು ಮನೆ, ಮನೆಯ ಪಕ್ಕದಲ್ಲಿ ಒಂದು ಹಲಸಿನ ಮರ. ಅಲ್ಲಿ ಒಬ್ಬ ಮುದುಕಿ, ಅವರ ಮಗ, ಸೊಸೆ ಇದ್ದರು. ಮಗ ಯಾವುದೋ ವರ್ಕ್‌ಶಾಪಿಗೆ ಹೋಗುತ್ತಿದ್ದ. ಅಡುಗೆ ಮುದುಕಿಯದು. ಹೊರಗಡೆ ಮೂರು ಕಲ್ಲಿನ ಒಲೆ. ಅದರ ಮುಂದೆ ಕುಳಿತೇ ಅವರು ಇಡೀ ಸಂಸಾರವನ್ನು ನಡೆಸುತ್ತಿದ್ದರು. ಬೇಸಿಗೆಯಲ್ಲಿ ಹಣ್ಣಾದ ಹಲಸನ್ನು ಸೊಸೆಯೊಂದಿಗೆ ರಸೆಲ್ ಮಾರುಕಟ್ಟೆಯವರೆಗೂ ಹೊತ್ತುಕೊಂಡು ಹೋಗಿ, ಹೊರಗಡೆ ಕುಳಿತು ತೊಳೆ ಬಿಡಿಸಿ ಮಾರುತ್ತಿದ್ದರು. ನಾನು ಕಾಗದ ಹಿಡಿದು ಮರಗಳನ್ನು ಎಣಿಸುತ್ತಿದ್ದುದನ್ನು ನೋಡಿ ನನಗೆ ‘ರೈಟ್ರು’ ಎಂದು ಹೆಸರಿಟ್ಟರು. ನಾನು ಅವರನ್ನು ನಮ್ಮ ಕಡೆಯ ರೂಢಿಯಂತೆ ಅವ್ವಾ ಎನ್ನುತ್ತಿದ್ದೆ. ಭಾನುವಾರ ಮಧ್ಯಾಹ್ನ ಬೇಲಿಯ ಸಂದಿನಿಂದ ಒಂದು ಲೋಟ ಮಜ್ಜಿಗೆ ಬರುತ್ತಿತ್ತು. ಲೋಟವನ್ನು ನಾನು ತೊಳೆದು ಹಿಂದಿರುಗಿಸಿದರೆ, ಗಂಡಸರು ತೊಳೆದದ್ದು ಲೆಕ್ಕಕ್ಕಿಲ್ಲವೆಂದು ಹೇಳಿ ನನ್ನ ಎದುರಿಗೇ ಬೂದಿ ಹಾಕಿ ಮತ್ತೊಮ್ಮೆ ಉಜ್ಜುತ್ತಿದ್ದರು.

ಆ ವರ್ಷ ಬಿಸಿಲು ಬೇಗ ಬಂತು. ಅದೇ ಸಮಯದಲ್ಲಿ ನಾನು ಸತತ ಮೂರು ಭಾನುವಾರ ತೋಟಕ್ಕೆ ಹೋಗಲಿಲ್ಲ. ಕಾರಣ ದೊಡ್ಡದಲ್ಲ. ಹೆಂಡತಿಗೆ ಊರು ತೋರಿಸಬೇಕೆಂದು ಒಂದು ಭಾನುವಾರ ಹಲಸೂರು ಕೆರೆ, ಇನ್ನೊಂದು ಭಾನುವಾರ ಕಬ್ಬನ್ ಪಾರ್ಕು. ಮೂರನೆಯ ವಾರ ಸುಮ್ಮನೆ ಮಲಗಿದ್ದೆ. ಮೂರೂ ವಾರ ಹೋಗಿದ್ದೇನೆಂದೇ ಮಾಲೀಕರಿಗೆ ತಿಳಿಸಿದ್ದೆ. ಆಗ ಅವರು, ಬರುವ ಭಾನುವಾರ ತಮ್ಮ ಇಬ್ಬರು ಹಳೆಯ ಸಹೋದ್ಯೋಗಿಗಳೊಂದಿಗೆ ತೋಟದ ಪರಿವೀಕ್ಷಣೆಗೆ ಬರುವುದಾಗಿ ಹೇಳಿದರು.

ಶನಿವಾರ ರಜೆ ಹಾಕಿ ಒಬ್ಬನೇ ಹೋದೆ. ಮರ ಹತ್ತುವವರು ಬೇಸಿಗೆಯ ಮೊದಲೇ ಎಡಬದಿಯ ಬೇಲಿಯ ಪಟ್ಟಿಯನ್ನು ಮಾತ್ರ ಕೆರೆದುಕೊಟ್ಟು ಹೋಗಿದ್ದರು. ಉಳಿದ ಕಡೆ ನೀಲಗಿರಿಯ ತೊಗಟೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ಮಾವಿನ ತರಗು ಪಾದ ಮುಳುಗುವಷ್ಟಿತ್ತು. ಸವರಿದ ಕೊಂಬೆಗಳು ಕಡಿದಲ್ಲೇ ಒಣಗಿದ್ದವು. ಅಷ್ಟನ್ನೂ ಗುಂಡಿ ತೋಡಿ ಹೂಳಲು ಒಬ್ಬನಿಗೆ ಒಂದು ದಿನ ಸಾಲದು. ಪರಿವೀಕ್ಷಣೆಯ ಹಿಂದಿನ ದಿನ ಕಚೇರಿಯಲ್ಲಿ ನಾವು ಏನು ಮಾಡುತ್ತಿದ್ದೆವು ಎಂಬುದು ಆಗ ನೆನಪಿಗೆ ಬಂತು. ವಿಲೇವಾರಿಯಾಗದ ಕಡತಗಳನ್ನು ಸಾಹೇಬರು ಕಾಲಿಡದ ದಾಖಲೆ ಕೊಠಡಿಗೆ ಸಾಗಿಸಿ, ಮೇಜುಗಳನ್ನು ಒರೆಸಿ, ಹೂದಾನಿ ಇಡುತ್ತಿದ್ದೆವು. ಹಾಗೆಯೇ ಮಾಡಿದೆ. ಇಡೀ ತೋಟದ ತರಗು, ತೊಗಟೆ, ಕೊಂಬೆ ಎಲ್ಲವನ್ನೂ ಗೇಟಿನಿಂದ ಕಾಣದ ಹಿಂದಿನ ಬೇಲಿಗೆ ಗುಡಿಸಿ ಒತ್ತಿದೆ. ರಾಶಿ ನನ್ನ ಎದೆಯೆತ್ತರಕ್ಕೆ ಬಂತು. ಉಳಿದ ಹೊತ್ತಿನಲ್ಲಿ, ಕಂಟೋನ್ಮೆಂಟಿನ ರಸ್ತೆಮರಗಳಿಗೆ ಬಳಿಯುವಂತೆ ಪ್ರತಿ ಮಾವಿನ ಬುಡಕ್ಕೂ ಸುಣ್ಣದ ಪಟ್ಟಿ, ಅದರ ಮೇಲೆ ಕೆಮ್ಮಣ್ಣಿನ ಪಟ್ಟಿ ಬಳಿದೆ. ಮಾಲೀಕರಿಗೆ ಅದು ಬಹಳ ಇಷ್ಟವೆಂದು ನನಗೆ ಗೊತ್ತಿತ್ತು.

ಮುದುಕಿ ಬೇಲಿಯ ಆಚೆಯಿಂದ ರಾಶಿಯನ್ನು ನೋಡಿದರು.

“ಏನ್ ರೈಟ್ರೇ, ನಿಮ್ ತೋಟಾನೆಲ್ಲಾ ನಮ್ ಮನೆಗೆ ಕಳಿಸ್ತಾ ಇದ್ದೀರಲ್ಲ.”

ಮುಂದಿನ ವಾರ ತೆಗೆಸುವುದಾಗಿ ಹೇಳಿದೆ. ಹಲಸಿನ ಕೊಂಬೆಯೊಂದು ಬೇಲಿ ದಾಟಿ ರಾಶಿಯ ಮೇಲೆಯೇ ಬಾಗಿತ್ತು. ಅದನ್ನು ನಾನು ನೋಡಿದ್ದೆ. ನೋಡಿರಲಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

ಮರುದಿನ ಪರಿವೀಕ್ಷಣೆ ಗೇಟಿನಿಂದ ಬಾವಿಯವರೆಗೆ ನಡೆಯಿತು. ಸುಣ್ಣದ ಪಟ್ಟಿಗಳು ಸಾಲಾಗಿ ಕಾಣುತ್ತಿದ್ದವು. ಸಹೋದ್ಯೋಗಿಗಳು ಮೆಚ್ಚಿದರು. ಮಾಲೀಕರು ಅವರ ಎದುರಿಗೆ ನನ್ನ ಬೆನ್ನು ತಟ್ಟಿದರು. ಆ ಸಂಜೆಯೇ ಸಲ್ಲಿಸಿದ ವರದಿಯಲ್ಲಿ, ತೋಟದ ನಾಲ್ಕೂ ಬದಿಯಲ್ಲಿ ಬೆಂಕಿ ತಡೆಯುವ ಪಟ್ಟಿಯನ್ನು ಸಂಪೂರ್ಣವಾಗಿ ತೆರವುಗೊಳಿಸಿರುವುದಾಗಿ ಬರೆದು ಸಹಿ ಹಾಕಿದೆ.

ಬೆಂಕಿ ಬಂದದ್ದು ಅದೇ ವಾರದ ನಡುವೆ, ಮಧ್ಯಾಹ್ನ. ನಾನು ಕಚೇರಿಯಲ್ಲಿದ್ದೆ. ಭಾನುವಾರ ಮರ ಹತ್ತುವವರೊಂದಿಗೆ ಹೋದಾಗ ಹಿಂದಿನ ಬೇಲಿ ಇರಲಿಲ್ಲ. ಕತ್ತಾಳೆಯ ಕರಿ ಮೋಟುಗಳು ಮಾತ್ರ ಇದ್ದವು. ನಮ್ಮ ಎರಡು ಮಾವಿನ ಮರಗಳ ಎಲೆ ಕಂದಿತ್ತು. ಆಚೆಗೆ ತಗಡಿನ ಒಂದು ಅಂಚು ಮೇಲೆದ್ದು ನಿಂತಿತ್ತು. ಹಲಸಿನ ಮರದ ನಮ್ಮ ಕಡೆಯ ಅರ್ಧ ಕಾಂಡ ಬುಡದಿಂದ ಕೊಂಬೆಯವರೆಗೆ ಇದ್ದಿಲಿನಂತಾಗಿತ್ತು. ಮರಕ್ಕೆ ಅಂಟಿಕೊಂಡೇ ಬಿಟ್ಟಿದ್ದ ಎಳೆಯ ಹಲಸಿನಕಾಯಿಗಳು ಕರಕಲಾಗಿ ಹಾಗೆಯೇ ನೇತಾಡುತ್ತಿದ್ದವು. ಆ ಮನೆಯ ಆ ವರ್ಷದ ಮಾರುಕಟ್ಟೆ ಅದು.

ಮರ ಹತ್ತುವವರು ಒಂದು ಸುತ್ತು ನಡೆದು ಬಂದು ನೆಲವನ್ನು ನನಗೆ ತೋರಿಸಿದರು. ಬೆಂಕಿ ಬೀಳು ಭೂಮಿಯಿಂದ ಬಂದಿತ್ತು. ಎಡಬದಿಯಲ್ಲಿ ಅವರು ಕೆರೆದಿದ್ದ ಪಟ್ಟಿಯ ಅಂಚಿಗೆ ಬಂದು, ದಾಟಲಾಗದೆ, ಅಂಚಿನುದ್ದಕ್ಕೂ ಹಿಂದಿನ ಮೂಲೆಗೆ ಸಾಗಿತ್ತು. ಅಲ್ಲಿ ನನ್ನ ರಾಶಿ ಇತ್ತು. ಮುದುಕಿಯ ಬೂದಿಗುಂಡಿ ಮನೆಯ ಇನ್ನೊಂದು ಬದಿಗೆ, ಪಾತ್ರೆ ತೊಳೆಯುವ ಕಲ್ಲಿನ ಬಳಿ ಇತ್ತು. ಅದರ ಸುತ್ತ ಹುಲ್ಲು ಇನ್ನೂ ಹಸಿರಾಗಿತ್ತು.

ಬೂದಿಗುಂಡಿಯ ಮಾತು ಬಂದದ್ದೇಕೆಂದರೆ, ಅಷ್ಟರಲ್ಲಿ ಮುದುಕಿ ನನ್ನನ್ನು ಹುಡುಕಿಕೊಂಡು ಬಂದರು. ಎರಡೂ ಕೈಗಳಿಗೆ ಬಟ್ಟೆ ಸುತ್ತಿದ್ದರು. ಬೆಂಕಿ ಆರಿಸಲು ಒಬ್ಬರೇ ಕೊಡದಿಂದ ನೀರು ಹೊತ್ತು ಹಾಕಿದ್ದರಂತೆ. ಬೆಂಕಿ ಬಿದ್ದ ದಿನ ಬೆಳಗ್ಗೆ ಒಲೆಯ ಬೂದಿ ತೆಗೆದು ಚೆಲ್ಲಿದ್ದೆ, ಆಮೇಲೆ ಮಲಗಿಬಿಟ್ಟೆ, ಅದರಲ್ಲಿ ಕೆಂಡ ಉಳಿದಿತ್ತೋ ಏನೋ, ಮಗ ಹಾಗೆಯೇ ಹೇಳುತ್ತಿದ್ದಾನೆ ಎಂದರು. ನಿಂತೇ ಹೇಳಿದರು, ನಾನು ಯಾವುದೋ ಕಚೇರಿಯಂತೆ.

“ಸಾಹೇಬ್ರ ಮರ ಸುಟ್ಬಿಟ್ಟೆ ರೈಟ್ರೇ. ನೀವೇ ಏನಾದ್ರೂ ಹೇಳಿ ನಮ್ಮನ್ನ ಉಳಿಸ್ಬೇಕು.”

ಆ ಕ್ಷಣದಲ್ಲಿ ನಾನು ಸುಳ್ಳು ಹೇಳಲಿಲ್ಲ. ಏನನ್ನೂ ಹೇಳಲಿಲ್ಲ. ಮರ ಹತ್ತುವವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬೇಕಾದವನು ನಾನು ಎಂದು ಅವರು ಕಾದರೆಂದು ಈಗ ಅನ್ನಿಸುತ್ತದೆ. ಬಾವಿಯ ಕಡೆ ಕೆಲಸವಿದೆಯೆಂದು ನಾನು ಅಲ್ಲಿಂದ ಹೊರಟುಬಿಟ್ಟೆ.

ಮಾಲೀಕರು ಘಟನೆಯ ಬಗ್ಗೆ ಲಿಖಿತ ವಿವರಣೆ ಕೇಳಿದರು. ಪಟ್ಟಿ ತೆರವಾಗಿತ್ತೆಂದು ನನ್ನದೇ ವರದಿ ಅವರ ಕೈಯಲ್ಲಿತ್ತು. ಎರಡು ದಿನ ಯೋಚಿಸಿದೆ. ನಂತರ ನಾನು ಬರೆದದ್ದು ನನ್ನ ವಿವರಣೆಯನ್ನಲ್ಲ. ಮುದುಕಿಯ ಹೆಸರಿನಲ್ಲಿ ಒಂದು ತಪ್ಪೊಪ್ಪಿಗೆಯನ್ನು. ಅದರ ಒಕ್ಕಣೆ ನನಗೆ ಇಂದಿಗೂ ಬಾಯಿಪಾಠವಿದೆ: “ನನ್ನ ಅಜಾಗರೂಕತೆಯಿಂದ ಒಲೆಯ ಬೂದಿಯಲ್ಲಿ ಉಳಿದ ಕೆಂಡವು ತಮ್ಮ ತೋಟದ ಬೇಲಿಗೆ ತಗುಲಿ ಬೆಂಕಿ ಉಂಟಾಗಿದ್ದು, ಬಡವಳಾದ ನನ್ನನ್ನು ದಯವಿಟ್ಟು ಮನ್ನಿಸಬೇಕಾಗಿ ಪ್ರಾರ್ಥನೆ.” ಅವರನ್ನು ಉಳಿಸಲೆಂದೇ ಬರೆಯುತ್ತಿದ್ದೇನೆ, ಮಾಲೀಕರು ಪೊಲೀಸರವರೆಗೆ ಹೋಗದಿರಲೆಂದು ಬರೆಯುತ್ತಿದ್ದೇನೆ ಎಂದು ಅಂದುಕೊಂಡೆ. ಸುಟ್ಟ ಮರದ ಪಕ್ಕದಲ್ಲಿ ನಿಂತು ಓದಿ ಹೇಳಿದೆ. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಬೊಬ್ಬೆಯಿಲ್ಲದ ಹೆಬ್ಬೆರಳಿನಿಂದ ಅವರು ಗುರುತು ಒತ್ತಿದರು.

“ಎಷ್ಟು ಚೆನ್ನಾಗಿ ಬರ್ದಿದ್ದೀರ. ನಾನೇ ಹೇಳ್ದಂಗೈತೆ.”

ಮಾಲೀಕರು ಅದನ್ನು ಓದಿ, ಪಾಪ ಎಂದು ಹೇಳಿ, ತೋಟದ ಕಡತದಲ್ಲಿ ಸೇರಿಸಿದರು. ಔಟ್‌ಹೌಸಿಗೆ ಏನೂ ಆಗಲಿಲ್ಲ.

ಹಲಸಿನ ಮರವನ್ನು ಉಳಿಸಲು ಆಮೇಲೆ ನಾನು ಪಟ್ಟ ಶ್ರಮವನ್ನು ಇಲ್ಲಿ ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಉಗುರಿನಿಂದ ತೊಗಟೆಯನ್ನು ಅಲ್ಲಲ್ಲಿ ಕೆರೆದು ಒಳಗೆ ಹಸಿರಿದೆಯೇ ಕಂದಿದೆಯೇ ಎಂದು ನೋಡುವುದನ್ನು ಮರ ಹತ್ತುವವರು ತೋರಿಸಿಕೊಟ್ಟರು. ಸುಟ್ಟ ಕಡೆ ಎಲ್ಲಿ ಕೆರೆದರೂ ಕಂದು ಬಣ್ಣ. ಮನೆಯ ಕಡೆ ಹಸಿರು. ಅವಸರದಲ್ಲಿ ಏನನ್ನೂ ಕಡಿಯಬೇಡಿ, ಒಂದು ಮಳೆಗಾಲ ಕಾಯಿರಿ, ಯಾವುದು ಸತ್ತಿದೆ ಎಂದು ಮರವೇ ತಿಳಿಸುತ್ತದೆ ಎಂದರು. ಬುಡದಿಂದ ದೂರಕ್ಕೆ, ಎಲೆಗಳ ನೆರಳು ಮುಗಿಯುವಲ್ಲಿ ಪಾತಿ ಮಾಡಿಸಿದರು. ಪ್ರತಿ ಭಾನುವಾರ ಬಾವಿಯಿಂದ ನೀರು ಹೊತ್ತೆ. ಸೆಗಣಿ, ಕೆಮ್ಮಣ್ಣು ಕಲಸಿ ಗಾಯಕ್ಕೆ ಮೆತ್ತಿದೆ. ಮುದುಕಿ ಎದುರಿಗೆ ಕುಳಿತು, ಪರರ ಮರಕ್ಕೆ ಇಷ್ಟು ಮಾಡುವವರನ್ನು ಕಂಡಿಲ್ಲವೆಂದು ಸೊಸೆಗೆ ಹೇಳುತ್ತಿದ್ದರು. ಆಗ ನನ್ನ ಕೈ ಇನ್ನೂ ವೇಗವಾಗಿ ಓಡುತ್ತಿತ್ತು.

ತಪ್ಪೊಪ್ಪಿಗೆಯ ಸಂಗತಿ ಮರ ಹತ್ತುವವರಿಗೆ ಮುದುಕಿಯ ಬಾಯಿಂದಲೇ ತಿಳಿಯಿತು. ಅಂದು ಅವರು ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ನನ್ನ ಬಳಿ ಬಂದರು.

“ಸುಣ್ಣ ಚೆನ್ನಾಗಿ ಹೊಡೀತೀರ ಸಾರ್,” ಎಂದರು. “ಮರಕ್ಕೂ ಹೊಡೀತೀರ, ಪೇಪರ್‌ಗೂ ಹೊಡೀತೀರ.”

ಮತ್ತೆ ಅವರು ಆ ತೋಟಕ್ಕೆ ಬರಲಿಲ್ಲ. ಮಾಲೀಕರು ಕಾರಣ ಕೇಳಿದಾಗ ವಯಸ್ಸಾಯಿತೆಂದು ತಿಳಿಸಿದೆ.

ಮರ ಅರ್ಧ ಉಳಿಯಿತು. ಮನೆಯ ಕಡೆಯ ಕೊಂಬೆಗಳು ಚಿಗುರಿ, ಎರಡನೆಯ ವರ್ಷ ಕೆಲವು ಕಾಯಿಗಳೂ ಬಂದವು. ಆದರೆ ಹೆಚ್ಚು ಕಾಲವಿರಲಿಲ್ಲ. ಹೊಸ ದಶಕ ಬರುತ್ತಿದ್ದಂತೆ ಆ ಕಡೆಯೆಲ್ಲ ಬಡಾವಣೆಯಾಯಿತು. ಮಾಲೀಕರು ತೋಟವನ್ನು ಮಾರಿದರು. ಹಿಂದಿನ ಮನೆಯವರೂ ಎಲ್ಲಿಗೋ ಹೋದರು. ನಾನು ಕಲ್ಯಾಣ ನಗರದ ಆಚೆ ಬಾಡಿಗೆಗೆ ಮನೆ ಹಿಡಿದೆ. ಬೇಸಿಗೆಯಲ್ಲಿ ಯಾರಾದರೂ ರಸ್ತೆಮರದ ಬುಡಕ್ಕೆ ತರಗು ಗುಡಿಸಿ ಕಡ್ಡಿ ಗೀರುವುದನ್ನು ಕಂಡರೆ ನಿಂತು ಬುದ್ಧಿ ಹೇಳುತ್ತಿದ್ದೆ. ಕೇಳುವವರು ನನ್ನನ್ನು ತಿಳಿದವನೆಂದು ಭಾವಿಸುತ್ತಿದ್ದರು.

ಹಲವು ವರ್ಷಗಳ ನಂತರ ಒಂದು ಏಪ್ರಿಲ್ ಸಂಜೆ, ಕಚೇರಿ ಮುಗಿಸಿ ರಸೆಲ್ ಮಾರುಕಟ್ಟೆಯ ಮುಂದೆ ಹೋಗುತ್ತಿದ್ದಾಗ, ಹಲಸಿನ ತೊಳೆ ಮಾರುತ್ತಿದ್ದ ಹೆಂಗಸು ರೈಟ್ರೇ ಎಂದು ಕೂಗಿದರು. ಮುದುಕಿಯ ಸೊಸೆ. ಹಣ್ಣು ಈಗ ಮಂಡಿಯಿಂದ ಕೊಂಡದ್ದು. ಮನೆ ಹಲಸೂರಿನ ಹಿಂದಿನ ಓಣಿಯೊಂದರಲ್ಲಿ. ಅತ್ತೆ ಹೇಗಿದ್ದಾರೆಂದು ಕೇಳಿದೆ. ಗಟ್ಟಿಯಾಗಿದ್ದಾರೆ, ಅಡುಗೆ ಮಾತ್ರ ವ್ಯಾಪಾರ ಮುಗಿಸಿ ಹೋಗಿ ತಾನೇ ಮಾಡಬೇಕು ಎಂದರು. ಏಕೆಂದು ಕೇಳಬಾರದಿತ್ತು, ಕೇಳಿದೆ.

“ಆ ಬೆಂಕಿ ಆದ್ಮೇಲೆ ನಮ್ ಯಜಮಾನ್ರು ಅವ್ರನ್ನ ಒಲೆ ಹತ್ರ ಬಿಡ್ಲಿಲ್ವಲ್ಲ ಸಾರ್. ಆಮೇಲೆ ಅತ್ತೇನೇ ಒಲೆ ಹತ್ರ ಬರೋದು ಬಿಟ್ರು. ಕೈ ಮೇಲೆ ನಂಬಿಕೆ ಇಲ್ಲ ಅಂತಾರೆ.”

ಸುಟ್ಟದ್ದು ಮರ ಮಾತ್ರ ಎಂದೇ ನಾನು ಅಷ್ಟು ವರ್ಷ ತಿಳಿದಿದ್ದೆ. ಆ ವಾರ ಕಚೇರಿಯಲ್ಲಿ ಊಟದ ವಿರಾಮಗಳಲ್ಲಿ ಕುಳಿತು ಒಂದು ಹೇಳಿಕೆಯನ್ನು ಸಿದ್ಧಪಡಿಸಿದೆ. ನಡೆದದ್ದೆಲ್ಲವನ್ನೂ ಕ್ರಮವಾಗಿ ಬರೆದು, ಸಹಿ ಹಾಕಿ, ಭಾನುವಾರ ಬೆಳಗ್ಗೆ ಹಲಸೂರಿನ ಆ ಮನೆಗೆ ಹೋದೆ. ಒಂದೇ ಕೋಣೆ. ಮುದುಕಿ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದರು. ಸೊಸೆ ಗ್ಯಾಸ್ ಒಲೆಯ ಮುಂದೆ. ನಾನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಮುದುಕಿ ಅದನ್ನು ತೆಗೆದುಕೊಳ್ಳಲಿಲ್ಲ.

“ಅವತ್ತೂ ಕಾಗದ, ಇವತ್ತೂ ಕಾಗದ. ನಂಗೆ ಓದಕ್ ಬರಲ್ಲ ರೈಟ್ರೇ. ಏನೈತೆ, ಬಾಯಲ್ಲಿ ಹೇಳಿ.”

ಬಾಯಲ್ಲಿ ಹೇಳಲು ನಾನು ಸಿದ್ಧನಾಗಿ ಹೋಗಿರಲಿಲ್ಲ. ಕಾಗದದಲ್ಲಿದ್ದ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಊರ ಭಾಷೆ ಬಂತು. ಅವ್ವಾ, ಬೆಂಕಿ ಹಚ್ಚಿದ್ದು ನಿಮ್ಮ ಒಲಿ ಅಲ್ರೀ, ತರಗು ಒಟ್ಟಿದಾವ ನಾನು, ನನಗ ಅವತ್ತಽ ಗೊತ್ತಿತ್ತು ಎಂದೆ. ಸೊಸೆ ಒಲೆಯನ್ನು ಆರಿಸಿ ತಿರುಗಿ ನಿಂತರು. ಮುದುಕಿ ಬಹಳ ಹೊತ್ತು ತಮ್ಮ ಅಂಗೈಗಳನ್ನು ನೋಡಿಕೊಂಡರು. ಮಗನ ಹೆಸರು ಹಿಡಿದು, ಅವನು ಬಂದ ಮೇಲೆ ಇದನ್ನೇ ಇನ್ನೊಮ್ಮೆ ಅವನ ಮುಂದೆಯೂ ಹೇಳಬೇಕೆಂದರು. ಮಗ ಬರುವವರೆಗೆ ಕುಳಿತು, ಹೇಳಿದೆ. ಮಗ ಬೈಯಲಿಲ್ಲ. ತಾಯಿಯ ಕಡೆ ನೋಡಲಾಗದೆ ಎದ್ದು ಹೊರಗೆ ಹೋದ.

ನಾನು ಹೊರಡುವಾಗ ಸೊಸೆ, ಅತ್ತೆಗೆ ಒಲೆ ಹಚ್ಚಲು ಹೇಳಿದರು. ಮುದುಕಿ ಎದ್ದು ಹೋಗಿ ಗ್ಯಾಸಿನ ತಿರುಪಿನ ಮೇಲೆ ಕೈಯಿಟ್ಟರು. ಸೌದೆಯ ಒಲೆಯ ಕಾಲದಲ್ಲಿ ಒಲೆ ಬಿಟ್ಟವರು. ಗ್ಯಾಸು ಹಚ್ಚುವುದು ಅವರಿಗೆ ಗೊತ್ತಿರಲಿಲ್ಲ. ಕೈ ತೆಗೆದು, ನಾಳೆ ನೋಡೋಣ ಎಂದು ಹಿಂದಿರುಗಿದರು. ಆಮೇಲೆ ನನ್ನಲ್ಲಿ ಒಂದನ್ನು ಕೇಳಿದರು. ತಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡ ಆ ಕಾಗದವನ್ನು ತಂದುಕೊಡಬೇಕೆಂದರು.

ಮರುದಿನವೇ ಬಾಣಸವಾಡಿಗೆ ಹೋದೆ. ಮಾಲೀಕರು ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತ್ತು. ಔಟ್‌ಹೌಸಿದ್ದಲ್ಲಿ ಸ್ಕೂಟರುಗಳು ನಿಂತಿದ್ದವು. ಅವರ ಮಗಳನ್ನು ಇಂದಿರಾನಗರದಲ್ಲಿ ಪತ್ತೆ ಮಾಡಿ ವಿಚಾರಿಸಲಾಗಿ, ಅಪ್ಪನ ಕಡತಗಳಲ್ಲಿ ಕೆಲವನ್ನು ತೋಟ ಕೊಂಡವರಿಗೆ ಕೊಟ್ಟಿರುವುದಾಗಿಯೂ, ಕೆಲವನ್ನು ರದ್ದಿಗೆ ಹಾಕಿರುವುದಾಗಿಯೂ, ಯಾವುದು ಎಲ್ಲಿಗೆ ಹೋಯಿತೆಂದು ತಿಳಿಯದೆಂದೂ ಹೇಳಿದರು. ತೋಟ ಕೊಂಡವರು ಅದನ್ನು ಮತ್ತೊಬ್ಬರಿಗೆ ಮಾರಿದ್ದರು. ಇಬ್ಬರಲ್ಲಿಯೂ ಕೇಳಿದೆ. ಸಿಗಲಿಲ್ಲ.

ಹಲಸೂರಿಗೆ ಹೋಗಿ ಹಾಗೆಯೇ ತಿಳಿಸಿದೆ. ಈ ಬಾರಿ ಕೈಯಲ್ಲಿ ಕಾಗದವಿರಲಿಲ್ಲ. ಮುದುಕಿ ಕೇಳಿಸಿಕೊಂಡರು.

“ಹಂಗಾದ್ರೆ ಎಲ್ಲೋ ಐತೆ,” ಎಂದರು.

ಇರಬಹುದು. ಆದುದರಿಂದ, ಆ ಕಾಗದವು ಎಂದಾದರೂ ಯಾರದಾದರೂ ಕೈಗೆ ಸಿಕ್ಕಿದಲ್ಲಿ, ಅದರ ಕೆಳಗಿನ ಹೆಬ್ಬೆಟ್ಟನ್ನು ನೋಡದೆ, ಅಕ್ಷರವನ್ನು ನೋಡಬೇಕೆಂದು ಕೋರುತ್ತೇನೆ. ಅಕ್ಷರ ನನ್ನದು.